ಅಧಿಕಾರ ಬರುವ ಮೊದಲೇ ಹೊರಟು ಹೋದವರು

ಮಂಗಳೂರಿನ ಹಂಪನಕಟ್ಟೆಯಿಂದ ಕೆ.ಎಸ್. ರಾವ್ ರಸ್ತೆಯಲ್ಲಿ ದಿನಾಲೂ ಸಾವಿರಾರು ಮಂದಿ ನಡೆಯುತ್ತಾರೆ. ಆ ಹೆಸರು ಕಾರ್ನಾಡು ಸದಾಶಿವ ರಾಯರದೆಂದು ಬಲ್ಲವರು ಕಡಿಮೆ. ಬೆಂಗಳೂರಿನ ಶ್ರೀಮಂತರ ಸದಾಶಿವನಗರಕ್ಕೂ ಅವರದೇ ಹೆಸರು. ಸ್ವತಃ ಅವರು ಬರಿಗೈಯಲ್ಲಿ ತೀರಿಕೊಂಡವರು.

ರಾಯರು 1881ರಲ್ಲಿ ಮಂಗಳೂರಿನ ಅನುಕೂಲಸ್ಥ ಸಾರಸ್ವತ ಕುಟುಂಬದಲ್ಲಿ ಹುಟ್ಟಿದರು. ಮದರಾಸಿನಲ್ಲಿ ಓದಿ, ಮುಂಬಯಿಯಲ್ಲಿ ಕಾನೂನು ಕಲಿತು ವಕೀಲರಾದರು. 1911ರಲ್ಲಿ ಪತ್ನಿ ಶಾಂತಾಬಾಯಿಯವರೊಡನೆ ಮಹಿಳಾ ಸಭೆಯನ್ನು ಸ್ಥಾಪಿಸಿ ವಿಧವೆಯರಿಗೆ ಆಸರೆಯಾದರು. ಕುದ್ಮುಲ್ ರಂಗರಾಯರು ದಲಿತರಿಗಾಗಿ ನಡೆಸುತ್ತಿದ್ದ ಕೆಲಸಕ್ಕೂ ನೆರವಾದರು.

1920ರ ಆಗಸ್ಟ್ 19ರಂದು ಗಾಂಧೀಜಿ ಮಂಗಳೂರಿಗೆ ಬಂದರು. ಅವರ ಜೊತೆಯಲ್ಲಿದ್ದವರು ಮೌಲಾನಾ ಶೌಕತ್ ಅಲಿ. ಖಿಲಾಫತ್ ಮತ್ತು ಅಸಹಕಾರ ಎರಡೂ ಒಂದೇ ಚಳವಳಿಯಾಗಿದ್ದ ದಿನಗಳವು. ಅದೇ ನವೆಂಬರ್‌ನಲ್ಲಿ ಮದರಾಸು ಶಾಸನ ಪರಿಷತ್ತಿಗೆ ಚುನಾವಣೆ. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಮತದ ಹಕ್ಕು ಆಸ್ತಿ, ತೆರಿಗೆಗಳ ಆಧಾರದಲ್ಲಿ ಕೆಲವರಿಗಷ್ಟೇ ಇತ್ತು. ಬಂದರಿನ ಕೂಲಿಯವನಿಗೆ ಅದು ಯಾರದೋ ಮನೆಯ ಮದುವೆ. ಕಾಂಗ್ರೆಸ್ಸು ಚುನಾವಣೆಯನ್ನು ಬಹಿಷ್ಕರಿಸಿತು. 98 ಚುನಾಯಿತ ಸ್ಥಾನಗಳಲ್ಲಿ 63ನ್ನು ಜಸ್ಟಿಸ್ ಪಕ್ಷ ಗೆದ್ದಿತು. ಸುಬ್ಬರಾಯಲು ರೆಡ್ಡಿಯಾರ್ ಮೊದಲ ಮುಖ್ಯಮಂತ್ರಿಯಾದರು. ಬಹಿಷ್ಕಾರದಿಂದ ಲಾಭವಾಯಿತೋ ನಷ್ಟವೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಸ್ಥಾನವನ್ನು ಬಿಟ್ಟುಕೊಟ್ಟವರು ಮನೆಯಲ್ಲಿ ಕುಳಿತರೇ ಎಂಬುದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ರಾಯರು ಕುಳಿತುಕೊಳ್ಳಲಿಲ್ಲ. ನೂಲುವುದನ್ನೂ ಹಿಂದಿಯನ್ನೂ ಕಲಿಸಲು ತಿಲಕ್ ವಿದ್ಯಾಲಯ ತೆರೆದರು. 1923ರ ನೆರೆಯಲ್ಲಿ ಸಂತ್ರಸ್ತರ ನೆರವಿಗೆ ನಿಂತರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆ ಸೇರಿದರು. ಪಿತ್ರಾರ್ಜಿತ ಆಸ್ತಿ ಹೀಗೆಯೇ ಕರಗುತ್ತಾ ಹೋಯಿತು. ಸಾರ್ವಜನಿಕ ಕೆಲಸಕ್ಕಿಳಿದವರ ಆಸ್ತಿ ಬೆಳೆಯುವುದನ್ನೇ ಕಂಡಿರುವ ನಮಗೆ ಇದು ನಂಬಲು ಕಷ್ಟ.

ಅಧಿಕಾರವು ಅಮಾನತ್ ಎಂದೂ, ಪರಲೋಕದಲ್ಲಿ ಅದರ ಲೆಕ್ಕ ಒಪ್ಪಿಸಬೇಕೆಂದೂ ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಅದನ್ನು ಕೇಳಿಕೊಂಡು ಬಂದವರಿಗೆ ಅವರು ಕೊಡುತ್ತಿರಲಿಲ್ಲ. ರಾಯರು ನಮ್ಮ ಧರ್ಮದವರಲ್ಲ. ಆದರೆ ಒಳಿತು ಯಾರಲ್ಲಿ ಕಂಡರೂ ಅದನ್ನು ಒಪ್ಪಿಕೊಳ್ಳುವುದು ಸತ್ಯವಿಶ್ವಾಸಿಗೆ ಭೂಷಣ. ನಮ್ಮ ಜಮಾಅತ್ ಕಮಿಟಿಗಳ ಚುನಾವಣೆಯಲ್ಲಿ ಕುರ್ಚಿಗಾಗಿ ಮುನಿಸಿಕೊಂಡು ಸಲಾಮ್ ನಿಲ್ಲಿಸಿದ ಸಹೋದರರು ಈ ಜೀವನವನ್ನೊಮ್ಮೆ ಓದಬೇಕು.

1936ರ ಡಿಸೆಂಬರ್‌ನಲ್ಲಿ ಫೈಜಪುರದ ಕಾಂಗ್ರೆಸ್ ಅಧಿವೇಶನಕ್ಕೆ ರಾಯರು ಹೋದರು. ಅಲ್ಲಿ ಗುಡಿಸಲಲ್ಲಿ ತಂಗಿ ಜ್ವರಕ್ಕೆ ತುತ್ತಾದರು. 1937ರ ಜನವರಿ 9ರಂದು ಮುಂಬಯಿಯಲ್ಲಿ ತೀರಿಕೊಂಡರು. ಆಗ ಅವರಿಗೆ 56 ವರ್ಷವೂ ದಾಟಿರಲಿಲ್ಲ.

ಮರುತಿಂಗಳೇ ಮದರಾಸು ವಿಧಾನಸಭೆಯ ಚುನಾವಣೆ. ಕಾಂಗ್ರೆಸ್ಸು ಈ ಬಾರಿ ಕಣಕ್ಕಿಳಿದಿತ್ತು. 215 ಸ್ಥಾನಗಳಲ್ಲಿ 159 ಅದರ ಪಾಲಾದವು. ಜಸ್ಟಿಸ್ ಪಕ್ಷ ನೆಲಕಚ್ಚಿತು. ಅದರ ನಾಯಕ ಬೊಬ್ಬಿಲಿ ರಾಜರೇ ಸೋತರು. ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರಗಳಿದ್ದವು, ಅಲ್ಲಿ ಮಾತ್ರ ಕಾಂಗ್ರೆಸ್ಸಿಗೆ ದಕ್ಕಿದ್ದು ಬೆರಳೆಣಿಕೆಯಷ್ಟು. ಗವರ್ನರರ ವಿಶೇಷಾಧಿಕಾರದ ಬಗ್ಗೆ ತಕರಾರೆದ್ದು ಕೆಲ ತಿಂಗಳು ಬೇರೆಯವರ ತಾತ್ಕಾಲಿಕ ಸರಕಾರ ನಡೆಯಿತು. ಜುಲೈಯಲ್ಲಿ ರಾಜಾಜಿ ಪ್ರಧಾನಿಯಾದರು. ಪ್ರಾಂತದ ಮುಖ್ಯಸ್ಥರನ್ನು ಆಗ ಹಾಗೆಯೇ ಕರೆಯುತ್ತಿದ್ದರು. ಖಿಲಾಫತ್ ಕಾಲದಲ್ಲಿ ಕಲ್ಲಿಕೋಟೆಯಲ್ಲಿ ಬಂಧಿತರಾಗಿದ್ದ ಯಾಕೂಬ್ ಹಸನ್ ಸೇಠ್ ಲೋಕೋಪಯೋಗಿ ಮಂತ್ರಿಯಾದರು. ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಪಾನನಿರೋಧ ಜಾರಿಗೆ ಬಂತು. ಜನರನ್ನು ಕೇಳದೆ ಭಾರತವನ್ನು ಯುದ್ಧಕ್ಕೆ ಎಳೆದದ್ದನ್ನು ಪ್ರತಿಭಟಿಸಿ ಆ ಸರಕಾರ 1939ರ ಅಕ್ಟೋಬರ್‌ನಲ್ಲಿ ರಾಜೀನಾಮೆ ಕೊಟ್ಟಿತು.