ಮುದ್ರಣಾಲಯದಿಂದ ಸಂವಿಧಾನ ಸಭೆಯವರೆಗೆ: ಬೆಂಜಮಿನ್ ಫ್ರಾಂಕ್ಲಿನ್

ಫ್ರಾಂಕ್ಲಿನ್ ಎಂದ ಕೂಡಲೇ ನಿಮಗೆ ವಿಜ್ಞಾನದ ಪಾಠದಲ್ಲಿ ಬರುವ ಗಾಳಿಪಟ ಮತ್ತು ಮಿಂಚು ನೆನಪಾಗಬಹುದು. ಆ ಪ್ರಯೋಗ 1752ರದು. ಆದರೆ ಅಮೆರಿಕದ ವಸಾಹತುಗಳನ್ನು ಒಂದುಗೂಡಿಸುವ ಕೆಲಸ ಅವರ ಬದುಕಿನ ಮೂವತ್ತಕ್ಕೂ ಹೆಚ್ಚು ವರ್ಷಗಳನ್ನು ತೆಗೆದುಕೊಂಡಿತು. ಇಲ್ಲಿ ಆ ಕಥೆಯನ್ನು ಹೇಳುತ್ತೇನೆ.

ಇಂಗ್ಲಿಷರು 1607ರಲ್ಲಿ ವರ್ಜೀನಿಯಾದ ಜೇಮ್ಸ್‌ಟೌನ್‌ನಲ್ಲಿ ನೆಲೆಯೂರಿದರು. ಮುಂದೆ ಸುಮಾರು 125 ವರ್ಷಗಳಲ್ಲಿ ಮೂಲನಿವಾಸಿಗಳ ನೆಲದ ಮೇಲೆ ಹದಿಮೂರು ವಸಾಹತುಗಳು ಬೆಳೆದವು. ಪ್ರತಿಯೊಂದಕ್ಕೂ ತನ್ನದೇ ಶಾಸನಸಭೆ ಇತ್ತು. ಆದರೆ ಪರಸ್ಪರ ಸಂಬಂಧ ಕಡಿಮೆ. ಎಲ್ಲವೂ ಲಂಡನ್ನಿನತ್ತ ಮುಖ ಮಾಡಿದ್ದವು.

ಫ್ರಾಂಕ್ಲಿನ್ 1706ರಲ್ಲಿ ಬೋಸ್ಟನ್‌ನಲ್ಲಿ ಜನಿಸಿದರು. ತಂದೆ ಸಾಬೂನು, ಮೇಣದಬತ್ತಿ ತಯಾರಿಸುವವರು. 17 ಮಕ್ಕಳಲ್ಲಿ 15ನೆಯವನಾದ ಈ ಹುಡುಗ ಶಾಲೆಗೆ ಹೋದದ್ದು ಎರಡೇ ವರ್ಷ! ಹನ್ನೆರಡರಲ್ಲಿ ಅಣ್ಣನ ಮುದ್ರಣಾಲಯ ಸೇರಿದ, ಹದಿನೇಳರಲ್ಲಿ ಫಿಲಡೆಲ್ಫಿಯಾಕ್ಕೆ ಓಡಿಹೋದ. ಅಲ್ಲಿ ಸ್ವಂತ ಮುದ್ರಣಾಲಯ, ಪತ್ರಿಕೆ ನಡೆಸಿದರು, 1731ರಲ್ಲಿ ಚಂದಾದಾರರ ಗ್ರಂಥಾಲಯ ಸ್ಥಾಪಿಸಿದರು. 1753ರಲ್ಲಿ ವಸಾಹತುಗಳ ಅಂಚೆಯ ಇಬ್ಬರು ಮುಖ್ಯಸ್ಥರಲ್ಲಿ ಒಬ್ಬರಾದರು. ಊರಿಂದೂರಿಗೆ ಪತ್ರಗಳು ಹೋಗುವ ದಾರಿಗಳನ್ನು ಸರಿಪಡಿಸುವಾಗಲೇ ಹದಿಮೂರನ್ನೂ ಒಂದು ದೇಶವಾಗಿ ಕಾಣುವ ದೃಷ್ಟಿ ಅವರಲ್ಲಿ ಬೆಳೆದಿರಬೇಕೆಂದು ನನಗನಿಸುತ್ತದೆ.

ಮರುವರ್ಷ, 1754ರಲ್ಲಿ, ಫ್ರೆಂಚರೊಡನೆ ಯುದ್ಧದ ಭೀತಿ ಎದುರಾದಾಗ ಏಳು ವಸಾಹತುಗಳ ಪ್ರತಿನಿಧಿಗಳು ಆಲ್ಬನಿಯಲ್ಲಿ ಸೇರಿದರು. ಇರೊಕ್ವಾ ಮೂಲನಿವಾಸಿಗಳ ಆರು ಬುಡಕಟ್ಟುಗಳ ಒಕ್ಕೂಟವನ್ನು ಬಲ್ಲ ಫ್ರಾಂಕ್ಲಿನ್ ಅಲ್ಲಿ ಒಂದು ಯೋಜನೆ ಮುಂದಿಟ್ಟರು. ರಾಜನು ನೇಮಿಸುವ ಒಬ್ಬ ಅಧ್ಯಕ್ಷ, ಶಾಸನಸಭೆಗಳು ಆರಿಸುವ 48 ಸದಸ್ಯರ ಮಹಾಸಭೆ. ತೆರಿಗೆಯ ಅಧಿಕಾರ ಕೈತಪ್ಪೀತೆಂದು ವಸಾಹತುಗಳು ಅದನ್ನು ಒಪ್ಪಲಿಲ್ಲ. ಲಂಡನ್ ಕೂಡ ಮಂಜೂರು ಮಾಡಲಿಲ್ಲ.

1757ರಿಂದ 1775ರವರೆಗೆ, ನಡುವೆ ಎರಡು ವರ್ಷ ಬಿಟ್ಟು, ಅವರು ಲಂಡನ್ನಿನಲ್ಲಿ ವಸಾಹತುಗಳ ಪರವಾಗಿ ವಾದಿಸಿದರು. ಆಗ ಸಾಮ್ರಾಜ್ಯದ ಮೇಲೆ ಅವರಿಗೆ ನಂಬಿಕೆಯಿತ್ತು. 1765ರ ಸ್ಟ್ಯಾಂಪ್ ಕಾಯ್ದೆ ಬಂದಾಗ ಅದರಡಿ ತಮ್ಮ ಸ್ನೇಹಿತನಿಗೆ ಹುದ್ದೆ ಕೊಡಿಸಿ ಊರಿನವರ ಕೋಪಕ್ಕೂ ಗುರಿಯಾದರು. ಜನರ ಮನಸ್ಸನ್ನು ಅರಿಯುವಲ್ಲಿ ದೊಡ್ಡವರೂ ಎಡವುತ್ತಾರೆ ನೋಡಿ. ಮರುವರ್ಷ ಸಂಸತ್ತಿನ ಮುಂದೆ ಗಂಟೆಗಟ್ಟಲೆ ಪ್ರಶ್ನೆಗಳಿಗೆ ಉತ್ತರಿಸಿದರು, ಕಾಯ್ದೆ ರದ್ದಾಯಿತು. ಆದರೆ 1774ರ ಜನವರಿಯಲ್ಲಿ ರಾಜನ ಮಂತ್ರಾಲೋಚನಾ ಸಭೆಯ ಎದುರು ಸರ್ಕಾರಿ ವಕೀಲ ಅವರನ್ನು ಸುಮಾರು ಒಂದು ಗಂಟೆ ಹೀಯಾಳಿಸಿದ. ಅವರು ಮೌನವಾಗಿ ನಿಂತಿದ್ದರು. ಅಂಚೆ ಹುದ್ದೆಯೂ ಹೋಯಿತು.

ಸ್ವಾತಂತ್ರ್ಯದ ಹೋರಾಟಕ್ಕೆ ಅವರು ತೆತ್ತ ಬೆಲೆ ಸ್ವಂತ ಮಗ. ಗಾಳಿಪಟ ಹಾರಿಸುವಾಗ ಜೊತೆಗಿದ್ದ ವಿಲಿಯಂ ಈಗ ನ್ಯೂಜೆರ್ಸಿಯ ಗವರ್ನರ್. ಆತ ರಾಜನ ಪಕ್ಷ ಬಿಡಲಿಲ್ಲ. 1776ರಲ್ಲಿ ತಂದೆ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದರು, ಮಗ ಬಂಧನಕ್ಕೊಳಗಾದ. ತಂದೆ ಬಿಡಿಸಲು ಹೋಗಲಿಲ್ಲ, ಉಯಿಲಿನಲ್ಲೂ ಹೆಚ್ಚೇನೂ ಬಿಡಲಿಲ್ಲ. ಇದನ್ನು ಓದುವಾಗ ನನಗೆ ತಂದೆಯ ಮೇಲೇ ಬೇಸರವಾಗುತ್ತದೆ.

ಎಪ್ಪತ್ತರ ವಯಸ್ಸಿನಲ್ಲಿ ಫ್ರಾನ್ಸಿಗೆ ಹೋಗಿ 1778ರಲ್ಲಿ ಮೈತ್ರಿ ಒಪ್ಪಂದವನ್ನೂ, 1783ರಲ್ಲಿ ಬ್ರಿಟನ್ನಿನೊಡನೆ ಶಾಂತಿ ಒಪ್ಪಂದವನ್ನೂ ಮಾಡಿಸಿದರು. ಆ ಯುದ್ಧದ ದಿನಗಳಲ್ಲೇ ನಮ್ಮ ಮೈಸೂರಿನ ಹೈದರ್ ಅಲಿಯವರೂ ಬ್ರಿಟಿಷರೊಡನೆ ಹೋರಾಡುತ್ತಿದ್ದರು. 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ಯುದ್ಧನೌಕೆಯೊಂದನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ನೌಕೆಗೆ ಅವರ ಹೆಸರನ್ನೇ ಇಟ್ಟಿದ್ದರು!

ಸ್ವಾತಂತ್ರ್ಯ ಬಂದರೂ ಕೇಂದ್ರಕ್ಕೆ ತೆರಿಗೆ ವಿಧಿಸುವ ಅಧಿಕಾರವಿರಲಿಲ್ಲ, ರಾಜ್ಯಗಳು ತಮ್ಮ ತಮ್ಮ ದಾರಿ ಹಿಡಿದವು. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಸಭೆ ಸೇರಿತು. 81ರ ಫ್ರಾಂಕ್ಲಿನ್ ಪಲ್ಲಕ್ಕಿಯಂಥ ಕುರ್ಚಿಯಲ್ಲಿ ಬಂದರು. ದೊಡ್ಡ ರಾಜ್ಯಗಳು ಜನಸಂಖ್ಯೆಗೆ ತಕ್ಕ ಸ್ಥಾನ ಕೇಳಿದವು, ಸಣ್ಣವು ಸಮಾನ ಸ್ಥಾನ. ಕೆಳಮನೆಯಲ್ಲಿ ಜನಸಂಖ್ಯೆ, ಮೇಲ್ಮನೆಯಲ್ಲಿ ಸಮಾನತೆ ಎಂಬ ರಾಜಿಸೂತ್ರವನ್ನು ಸಮಿತಿಯಲ್ಲಿ ಮಂಡಿಸಿದವರು ಅವರೇ. ಆಲ್ಬನಿಯಲ್ಲಿ ಬಿದ್ದುಹೋದ ಒಕ್ಕೂಟದ ಕನಸು 33 ವರ್ಷಗಳ ನಂತರ ನಿಂತಿತು.

ಆದರೆ ಆ ಸಂವಿಧಾನ ಗುಲಾಮಗಿರಿಯನ್ನು ರದ್ದು ಮಾಡಲಿಲ್ಲ. ಫ್ರಾಂಕ್ಲಿನ್ ತಾವೂ ಹಿಂದೆ ಗುಲಾಮರನ್ನು ಇಟ್ಟುಕೊಂಡಿದ್ದವರು. ಅವರ ಪತ್ರಿಕೆಯಲ್ಲಿ ಗುಲಾಮರ ಮಾರಾಟದ ಜಾಹೀರಾತು ಬರುತ್ತಿತ್ತು. ಕೊನೆಗಾಲದಲ್ಲಿ ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷರಾಗಿ, 1790ರ ಫೆಬ್ರವರಿಯಲ್ಲಿ ಅದನ್ನು ಕೊನೆಗಾಣಿಸುವಂತೆ ಕಾಂಗ್ರೆಸ್ಸಿಗೆ ಮನವಿ ಸಲ್ಲಿಸಿದರು. ರಾಜ್ಯಗಳ ಗುಲಾಮರನ್ನು ಬಿಡಿಸುವ ಅಧಿಕಾರ ತನಗಿಲ್ಲವೆಂದು ಮಾರ್ಚ್‌ನಲ್ಲಿ ಕೆಳಮನೆ ಹೇಳಿತು. ಏಪ್ರಿಲ್ 17ರಂದು ಅವರು ತೀರಿಕೊಂಡರು. ಗುಲಾಮಗಿರಿ ಸಂವಿಧಾನದ ತಿದ್ದುಪಡಿಯಿಂದ ರದ್ದಾದದ್ದು 1865ರಲ್ಲಿ.