ಜಾರ್ಜ್ ಮೊರೆಲ್

ಜಾರ್ಜ್ ಮೊರೆಲ್ (1916–1973) ಫ್ರಾನ್ಸ್ ದೇಶದ ಸಸ್ಯವಿಜ್ಞಾನಿ. ವೈರಸ್ ತಗುಲಿದ ಗಿಡದ ಕುಡಿಯ ತುದಿಯಲ್ಲಿರುವ ಅತಿ ಸೂಕ್ಷ್ಮ ಭಾಗವನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಅದರಿಂದ ರೋಗರಹಿತ ಗಿಡವನ್ನು ಪಡೆಯಬಹುದೆಂದು ತೋರಿಸಿಕೊಟ್ಟವರು. ಡೇಲಿಯಾ ಮತ್ತು ಆಲೂಗಡ್ಡೆಯ ಮೇಲೆ ನಡೆಸಿದ ಈ ಪ್ರಯೋಗವನ್ನು ಅವರು 1960ರಲ್ಲಿ ಸಿಂಬಿಡಿಯಂ ಎಂಬ ಆರ್ಕಿಡ್‌ಗೆ ವಿಸ್ತರಿಸಿದರು. ಇಂದು ಜಗತ್ತಿನಾದ್ಯಂತ ನಡೆಯುತ್ತಿರುವ ಆರ್ಕಿಡ್ ಅಂಗಾಂಶ ಕೃಷಿಗೆ ಆ ಕಾರ್ಯ ಬುನಾದಿಯಾಯಿತು.

ಆರಂಭದ ಸಂಶೋಧನೆ

ಸಸ್ಯದ ಅಂಗಾಂಶಗಳನ್ನು ಗಾಜಿನ ನಳಿಕೆಯಲ್ಲಿ ಬೆಳೆಸುವ ವಿದ್ಯೆಗೆ ಫ್ರಾನ್ಸ್ ತವರುಮನೆಗಳಲ್ಲಿ ಒಂದು. ರೋಜೆ ಗೋತ್ರೆ ಅವರು 1939ರಲ್ಲಿ ಗಜ್ಜರಿಯ ಅಂಗಾಂಶವನ್ನು ನಿರಂತರವಾಗಿ ಬೆಳೆಸಿ ಯಶಸ್ಸು ಕಂಡಿದ್ದರು. ಈ ಪರಂಪರೆಯಲ್ಲಿಯೇ ಮೊರೆಲ್ ತಮ್ಮ ಕೆಲಸವನ್ನು ಆರಂಭಿಸಿದರು. ದ್ರಾಕ್ಷಿಯ ಬೂಜು ತುಪ್ಪಟ ರೋಗಕ್ಕೆ ಕಾರಣವಾದ ಜೀವಿಯು ಜೀವಂತ ಸಸ್ಯದ ಮೇಲಲ್ಲದೆ ಬೇರೆಲ್ಲೂ ಬೆಳೆಯಲಾರದು. ಮೊರೆಲ್ ದ್ರಾಕ್ಷಿಯ ಅಂಗಾಂಶವನ್ನು ನಳಿಕೆಯಲ್ಲಿ ಬೆಳೆಸಿ, ಅದರ ಮೇಲೆ ಈ ಪರಾವಲಂಬಿಯನ್ನೂ ಬೆಳೆಸಿದರು.

ಏಕದಳ ಸಸ್ಯಗಳ ಅಂಗಾಂಶವನ್ನು ಬೆಳೆಸುವುದು ಆಗ ಕಷ್ಟಸಾಧ್ಯವೆನಿಸಿತ್ತು. 1950ರಲ್ಲಿ ಮೊರೆಲ್ ಪೋಷಕ ಮಾಧ್ಯಮಕ್ಕೆ ಎಳನೀರನ್ನು ಬೆರೆಸಿ, ಸುವರ್ಣಗೆಡ್ಡೆಯ ಕುಲಕ್ಕೆ ಸೇರಿದ ಸಸ್ಯವೊಂದರ ಅಂಗಾಂಶವನ್ನು ಬೆಳೆಸಿದರು. ಅಮೆರಿಕದ ರಾಲ್ಫ್ ವೆಟ್ಮೋರ್ ಅವರೊಂದಿಗೆ ಜರೀಗಿಡಗಳ ಅಂಗಾಂಶದ ಬಗೆಗೂ ಕೆಲಸ ಮಾಡಿದರು. ಇವರಿಬ್ಬರ ಹೆಸರಿನಲ್ಲಿರುವ ಜೀವಸತ್ವಗಳ ಮಿಶ್ರಣ ಪ್ರಯೋಗಾಲಯಗಳಲ್ಲಿ ಈಗಲೂ ಬಳಕೆಯಲ್ಲಿದೆ.

ಕುಡಿಯ ತುದಿಯಿಂದ ರೋಗಮುಕ್ತಿ

ವೈರಸ್ ರೋಗ ಬಂದ ಗಿಡಕ್ಕೆ ಔಷಧಿ ಇರಲಿಲ್ಲ. ಬೀಜದಿಂದಲ್ಲದೆ ಗೆಡ್ಡೆ, ಕಡ್ಡಿ ಅಥವಾ ಕಂದುಗಳಿಂದ ಬೆಳೆಸುವ ಬೆಳೆಗಳಲ್ಲಿ ರೋಗವು ತಲೆಮಾರಿನಿಂದ ತಲೆಮಾರಿಗೆ ಸಾಗುತ್ತಿತ್ತು. ಒಳ್ಳೆಯ ತಳಿಯೊಂದಕ್ಕೆ ಪೂರ್ತಿಯಾಗಿ ವೈರಸ್ ತಗುಲಿದರೆ ಆ ತಳಿಯನ್ನೇ ಕೈಬಿಡಬೇಕಾಗುತ್ತಿತ್ತು.

ಸಸ್ಯದ ಎಲ್ಲ ಭಾಗಗಳಲ್ಲಿಯೂ ವೈರಸ್ ಸಮನಾಗಿ ಹರಡಿರುವುದಿಲ್ಲ. ಫ್ರಾನ್ಸಿನ ಪಿಯೆರ್ ಲಿಮಾಸೆ ಮತ್ತು ಪಿಯೆರ್ ಕೊರ್ನ್ಯುಯೆ 1949ರಲ್ಲಿ, ರೋಗಗ್ರಸ್ತ ತಂಬಾಕು ಗಿಡದ ಕುಡಿಯ ತುದಿಗೆ ಹೋದಂತೆಲ್ಲ ವೈರಸ್ ಪ್ರಮಾಣ ಕಡಿಮೆಯಾಗುವುದನ್ನು ಗುರುತಿಸಿದರು. ಕುಡಿಯ ತುತ್ತತುದಿಯಲ್ಲಿ ಸದಾ ವಿಭಜನೆಗೊಳ್ಳುತ್ತಿರುವ ಜೀವಕೋಶಗಳ ಗುಂಪಿಗೆ ಮೆರಿಸ್ಟೆಮ್ ಎಂದು ಹೆಸರು. ಅಲ್ಲಿಗೆ ನೀರು ಮತ್ತು ಆಹಾರವನ್ನು ಸಾಗಿಸುವ ನಾಳಗಳು ಇನ್ನೂ ತಲುಪಿರುವುದಿಲ್ಲವಾದ್ದರಿಂದ ವೈರಸ್ ಒಂದು ಕೋಶದಿಂದ ಇನ್ನೊಂದಕ್ಕೆ ನಿಧಾನವಾಗಿ ಸಾಗಬೇಕಾಗುತ್ತದೆ.

ವರ್ಸಾಯ್ ನಗರದ ರಾಷ್ಟ್ರೀಯ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ಮೊರೆಲ್, ತಮ್ಮ ಸಹೋದ್ಯೋಗಿ ಕ್ಲೋಡ್ ಮಾರ್ಟಿನ್ ಅವರೊಡನೆ ಈ ಅಂಶವನ್ನು ಬಳಸಿಕೊಂಡರು. ವೈರಸ್ ತಗುಲಿದ ಡೇಲಿಯಾದ ಮೆರಿಸ್ಟೆಮನ್ನು ಕತ್ತರಿಸಿ ಪೋಷಕ ಮಾಧ್ಯಮದಲ್ಲಿ ಇಟ್ಟರು. ಬೆಳೆದ ಚಿಗುರುಗಳಿಗೆ ಬೇರು ಬಾರದಿದ್ದಾಗ ಅವುಗಳನ್ನು ಬೀಜದಿಂದ ಹುಟ್ಟಿದ ಆರೋಗ್ಯವಂತ ಸಸಿಗಳಿಗೆ ಕಸಿ ಮಾಡಿದರು. ಹೀಗೆ ಗುಣಗೊಂಡ ಡೇಲಿಯಾಗಳ ವಿಷಯ 1952ರಲ್ಲಿ ಪ್ರಕಟವಾಯಿತು. 1955ರಲ್ಲಿ ಆಲೂಗಡ್ಡೆಯ ಬಗೆಗಿನ ಲೇಖನವೂ ಹೊರಬಂದಿತು.

ಆರ್ಕಿಡ್‌ಗಳತ್ತ

ಆರ್ಕಿಡ್ ಬೆಳೆಗಾರರಿಗೆ ಆಗ ಎರಡು ತೊಂದರೆಗಳಿದ್ದವು. ಮಿಶ್ರತಳಿಯ ಆರ್ಕಿಡ್‌ನ ಬೀಜ ಬಿತ್ತಿದರೆ ತಾಯಿಗಿಡದಂತಹ ಹೂವು ಬರುವ ಭರವಸೆಯಿಲ್ಲ. ಆದ್ದರಿಂದ ಬುಡವನ್ನು ಹೋಳು ಮಾಡಿ ಹಂಚುವುದೊಂದೇ ದಾರಿ. ಒಂದು ಗಿಡ ನಾಲ್ಕಾರು ಆಗಲು ಹಲವು ವರ್ಷಗಳು ಬೇಕು. ಬಹುಮಾನ ಪಡೆದ ಗಿಡಗಳು ಇದರಿಂದಾಗಿ ಸಿರಿವಂತರ ಸ್ವತ್ತಾಗಿಯೇ ಉಳಿದಿದ್ದವು. ಎರಡನೆಯದು ವೈರಸ್. ಸಿಂಬಿಡಿಯಂ ಮೊಸಾಯಿಕ್ ವೈರಸ್ ಮತ್ತು ಒಡಾಂಟೊಗ್ಲಾಸಂ ರಿಂಗ್‌ಸ್ಪಾಟ್ ವೈರಸ್ ಎಂಬ ಎರಡು ಸೋಂಕುಗಳು ಗಿಡ ಹೋಳು ಮಾಡುವ ಚಾಕು, ಕತ್ತರಿಗಳ ಮೂಲಕವೇ ಹರಡುತ್ತವೆ. ಗಿಡವನ್ನು ಹೆಚ್ಚಿಸುವ ಕೆಲಸವೇ ರೋಗವನ್ನೂ ಹೆಚ್ಚಿಸುತ್ತಿತ್ತು.

ಮೊರೆಲ್ ಸಿಂಬಿಡಿಯಂನ ಮೊಗ್ಗಿನಿಂದ ಒಂದು ಮಿಲಿಮೀಟರಿಗಿಂತಲೂ ಬಹಳ ಚಿಕ್ಕದಾದ ಮೆರಿಸ್ಟೆಮನ್ನು ಬಿಡಿಸಿ, ಆರ್ಕಿಡ್ ಬೀಜ ಮೊಳೆಯಿಸಲು ನಡ್ಸನ್ ರೂಪಿಸಿದ್ದ ಮಾಧ್ಯಮದಲ್ಲಿ ಇರಿಸಿದರು. ಅದು ನೇರವಾಗಿ ಚಿಗುರಾಗದೆ, ಬೀಜ ಮೊಳೆತಾಗ ಕಾಣುವಂತಹ ಸಣ್ಣ ಹಸಿರು ಗುಂಡಿನ ರೂಪ ತಾಳಿತು. ಈ ಗುಂಡನ್ನು ಹೋಳು ಮಾಡಿದರೆ ಪ್ರತಿ ಹೋಳಿನಿಂದಲೂ ಹೊಸ ಗುಂಡುಗಳು ಮೂಡುತ್ತಿದ್ದವು. ಕತ್ತರಿಸುವುದನ್ನು ನಿಲ್ಲಿಸಿದಾಗ ಒಂದೊಂದೂ ಎಲೆ, ಬೇರುಗಳುಳ್ಳ ಗಿಡವಾಗುತ್ತಿತ್ತು. ಒಂದೇ ಮೊಗ್ಗಿನಿಂದ ವರ್ಷವೊಂದರಲ್ಲಿ 40 ಲಕ್ಷ ಗಿಡಗಳನ್ನು ಪಡೆಯಲು ಸಾಧ್ಯವೆಂಬ ಲೆಕ್ಕಾಚಾರ ಇದರಿಂದ ಹೊರಟಿತು. ರೋಗ ಕಳೆಯಲು ಹೊರಟ ಪ್ರಯೋಗ ಸಸ್ಯಾಭಿವೃದ್ಧಿಯ ಹೊಸ ವಿಧಾನವೊಂದನ್ನು ಕೈಗಿತ್ತಿತು.

ಅಮೆರಿಕದ ಆರ್ಕಿಡ್ ಸಂಘದ ಪತ್ರಿಕೆಯಲ್ಲಿ 1960ರಲ್ಲಿ ಈ ಲೇಖನ ಪ್ರಕಟವಾಯಿತು. ಪ್ಯಾರಿಸ್ ಸಮೀಪದ ವಾಶೆರೊ ಮತ್ತು ಲೆಕೂಫ್ಲ್ ಸಸ್ಯೋದ್ಯಾನ ಇದನ್ನು ಬೇಗನೆ ವಾಣಿಜ್ಯಕ್ಕೆ ಅಳವಡಿಸಿಕೊಂಡಿತು. ಹೀಗೆ ಪಡೆದ ಗಿಡಗಳಿಗೆ ಮೆರಿಕ್ಲೋನ್ ಎಂಬ ಹೆಸರು ಬಂದಿತು.

ಶ್ರೇಯಸ್ಸಿನ ಪ್ರಶ್ನೆ

ಈ ವಿಧಾನದ ಶ್ರೇಯಸ್ಸು ಮೊರೆಲ್ ಒಬ್ಬರಿಗೇ ಸಲ್ಲಬೇಕೇ ಎಂಬ ಬಗ್ಗೆ ಚರ್ಚೆಯಿದೆ. ಜರ್ಮನಿಯ ಹಾನ್ಸ್ ತೊಮಾಲೆ 1950ರ ದಶಕದಲ್ಲಿಯೇ ಆರ್ಕಿಡ್‌ನ ಕುಡಿಯನ್ನು ಬೆಳೆಸಿದ್ದನ್ನು ವರದಿ ಮಾಡಿದ್ದರು. ಮೊರೆಲ್ ಅವರ 1960ರ ಲೇಖನದಲ್ಲಿ ಕಾರ್ಯವಿಧಾನದ ವಿವರಗಳು ಕಡಿಮೆ. ಅಮೆರಿಕದ ಡೊನಾಲ್ಡ್ ವಿಂಬರ್ 1963ರಲ್ಲಿ ಹಂತಹಂತವಾದ ವಿವರಣೆ ನೀಡಿದರು. ಆದರೂ ಬೆಳೆಗಾರರು ಈ ವಿಧಾನವನ್ನು ಕೈಗೆತ್ತಿಕೊಳ್ಳಲು ಮೊರೆಲ್ ಅವರ ಲೇಖನಗಳೇ ಮುಖ್ಯ ಪ್ರೇರಣೆಯಾದವು.

ವಿಧಾನದ ಮಿತಿಗಳು

ಮೆರಿಸ್ಟೆಮ್ ಕೃಷಿಯಿಂದ ಬಂದ ಪ್ರತಿಯೊಂದು ಗಿಡವೂ ವೈರಸ್ ರಹಿತವಾಗಿರುತ್ತದೆ ಎನ್ನಲಾಗದು. ತುಣುಕು ಚಿಕ್ಕದಾದಷ್ಟೂ ಅದು ಬದುಕುವ ಸಾಧ್ಯತೆ ಕಡಿಮೆ; ದೊಡ್ಡದಾದಷ್ಟೂ ವೈರಸ್ ಉಳಿಯುವ ಸಾಧ್ಯತೆ ಹೆಚ್ಚು. ಪರೀಕ್ಷಿಸದ ಸೋಂಕಿತ ಗಿಡದಿಂದ ದೊಡ್ಡ ತುಣುಕನ್ನು ತೆಗೆದು ಹೆಚ್ಚಿಸಿದರೆ, ಸಾವಿರಾರು ಸೋಂಕಿತ ಗಿಡಗಳು ಮಾರುಕಟ್ಟೆಗೆ ಹೋಗುತ್ತವೆ. ಹೀಗಾಗಿ ತಾಯಿಗಿಡ ಮತ್ತು ಮರಿಗಿಡಗಳೆರಡರ ವೈರಸ್ ಪರೀಕ್ಷೆಯೂ ಅನಿವಾರ್ಯವೆನಿಸಿತು.

ಮೊರೆಲ್ ಅವರ ಕಾಲಾನಂತರ ಈ ವಿಧಾನಕ್ಕೆ ರಾಸಾಯನಿಕ ಚಿಕಿತ್ಸೆ ಜೊತೆಗೂಡಿತು. ರೈಬಾವಿರಿನ್ ಎಂಬ ವೈರಸ್ ನಿರೋಧಕವನ್ನು ಪೋಷಕ ಮಾಧ್ಯಮಕ್ಕೆ ಸೇರಿಸಿದರೆ ವೈರಸ್‌ಗಳು ವೃದ್ಧಿಯಾಗುವುದು ಕುಗ್ಗುತ್ತದೆ. ಆಗ ತುಸು ದೊಡ್ಡ ತುಣುಕುಗಳಿಂದಲೂ ಶುದ್ಧ ಗಿಡಗಳನ್ನು ಪಡೆಯಬಹುದು. ಪ್ರಮಾಣ ಮೀರಿದರೆ ಅದು ಗಿಡಕ್ಕೂ ವಿಷವಾಗುತ್ತದೆ.

ಗಡ್ಡೆ ರೋಗದ ಅಧ್ಯಯನ

ಆಗ್ರೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದಿಂದ ಸಸ್ಯಗಳಲ್ಲಿ ಉಂಟಾಗುವ ಗಡ್ಡೆ ರೋಗವನ್ನೂ ಮೊರೆಲ್ ಅಭ್ಯಸಿಸಿದರು. ಆರೋಗ್ಯವಂತ ಅಂಗಾಂಶದಲ್ಲಿ ಕಾಣದ ಆಕ್ಟೊಪೀನ್ ಎಂಬ ವಸ್ತು ಈ ಗಡ್ಡೆಗಳಲ್ಲಿ ಇರುವುದನ್ನು ಅವರ ಪ್ರಯೋಗಾಲಯ 1964ರಲ್ಲಿ ವರದಿ ಮಾಡಿತು. ಗಡ್ಡೆಯಲ್ಲಿ ಇಂತಹ ಯಾವ ವಸ್ತು ಉತ್ಪತ್ತಿಯಾಗುತ್ತದೆ ಎಂಬುದನ್ನು ನಿರ್ಧರಿಸುವುದು ಗಿಡವಲ್ಲ, ಬ್ಯಾಕ್ಟೀರಿಯಾದ ತಳಿ ಎಂದು 1970ರ ಲೇಖನ ತೋರಿಸಿತು. ಬ್ಯಾಕ್ಟೀರಿಯಾದ ಆನುವಂಶಿಕ ದ್ರವ್ಯ ಸಸ್ಯಕೋಶವನ್ನು ಸೇರುತ್ತದೆ ಎಂಬುದಕ್ಕೆ ಇದು ಮುಖ್ಯ ಸುಳಿವಾಯಿತು. ಆ ವರ್ಗಾವಣೆ 1977ರಲ್ಲಿ ಖಚಿತಗೊಂಡು ಸಸ್ಯಗಳ ಕುಲಾಂತರಿ ತಂತ್ರಜ್ಞಾನಕ್ಕೆ ದಾರಿಯಾದಾಗ ಮೊರೆಲ್ ಬದುಕಿರಲಿಲ್ಲ.

ನಿಧನ ಮತ್ತು ಕೊಡುಗೆ

ಮೊರೆಲ್ 1973ರಲ್ಲಿ ನಿಧನರಾದರು. ಶ್ರೀಮಂತರ ಗಾಜಿನಮನೆಗಳಲ್ಲಿದ್ದ ಆರ್ಕಿಡ್ ಸಾಮಾನ್ಯರ ಮನೆಯಂಗಳಕ್ಕೆ ಬರಲು ಅವರ ಕಾರ್ಯ ಪ್ರಮುಖ ಕಾರಣ. ಆಲೂಗಡ್ಡೆ, ಸ್ಟ್ರಾಬೆರಿ, ಕಬ್ಬು ಮೊದಲಾದ ಬೆಳೆಗಳ ರೋಗರಹಿತ ಸಸಿಗಳೂ ಇದೇ ತತ್ವದಿಂದ ದೊರೆಯುತ್ತಿವೆ. ಕರ್ನಾಟಕದ ರೈತರು ನೆಡುವ ಅಂಗಾಂಶ ಕೃಷಿ ಬಾಳೆಯ ಸಸಿಗಳೂ ಕುಡಿಯ ತುದಿಯಿಂದಲೇ ಬೆಳೆದವು. ಅಂಗಾಂಶ ಕೃಷಿಯ ಸಸಿಗಳು ವೈರಸ್ ರಹಿತವೆಂದು ಪರೀಕ್ಷಿಸಿ ದೃಢೀಕರಿಸುವ ರಾಷ್ಟ್ರೀಯ ವ್ಯವಸ್ಥೆ ಭಾರತದಲ್ಲಿ 2006ರಿಂದ ಜಾರಿಯಲ್ಲಿದೆ.