ಬೆಂಗಳೂರು ನಾಗರತ್ನಮ್ಮ

ಕಾವೇರಿ ನದಿಯ ದಡದಲ್ಲಿರುವ ತಿರುವೈಯಾರು ಸಂಗೀತಗಾರರ ಪಾಲಿಗೆ ಪುಣ್ಯಕ್ಷೇತ್ರ. ಪ್ರತಿವರ್ಷ ಪುಷ್ಯ ಬಹುಳ ಪಂಚಮಿಯಂದು ಅಲ್ಲಿ ತ್ಯಾಗರಾಜರ ಆರಾಧನೆ ನಡೆಯುತ್ತದೆ. ಗಂಡಸರೂ ಹೆಂಗಸರೂ ಒಟ್ಟಾಗಿ ಕುಳಿತು ಪಂಚರತ್ನ ಕೃತಿಗಳನ್ನು ಹಾಡುತ್ತಾರೆ. ತ್ಯಾಗರಾಜರ ಸನ್ನಿಧಿಗೆ ಎದುರಾಗಿ, ಕೈಮುಗಿದು ಕುಳಿತ ಮಹಿಳೆಯೊಬ್ಬರ ವಿಗ್ರಹ ಅಲ್ಲಿದೆ. ಅವರೇ ಕನ್ನಡನಾಡಿನಲ್ಲಿ ಹುಟ್ಟಿ ಬೆಳೆದ ಬೆಂಗಳೂರು ನಾಗರತ್ನಮ್ಮ.

ನಾಗರತ್ನಮ್ಮನವರು 1878ರ ನವೆಂಬರ್ 3ರಂದು ನಂಜನಗೂಡಿನಲ್ಲಿ ಜನಿಸಿದರು. ತಾಯಿ ಪುಟ್ಟಲಕ್ಷ್ಮಮ್ಮ ದೇವದಾಸಿ ಮನೆತನದವರು. ತಂದೆಯ ಆಸರೆ ಬಹುಬೇಗ ತಪ್ಪಿತು. ಕಷ್ಟದ ದಿನಗಳಲ್ಲಿಯೂ ತಾಯಿ ಮಗಳಿಗೆ ಸಂಸ್ಕೃತ, ಸಂಗೀತ, ನೃತ್ಯಗಳ ಶಿಕ್ಷಣವನ್ನು ಕೊಡಿಸಿದರು. ನಾಗರತ್ನಮ್ಮನವರಿಗೆ ಹದಿನಾಲ್ಕು ವರ್ಷವಾಗಿದ್ದಾಗ ಆ ತಾಯಿಯೂ ತೀರಿಕೊಂಡರು. ಅಂದಿನಿಂದ ಕಲಿತ ವಿದ್ಯೆಯೊಂದೇ ಅವರಿಗೆ ದಿಕ್ಕಾಯಿತು. ಮೈಸೂರು ಅರಮನೆಯ ಮನ್ನಣೆ ಅವರಿಗೆ ದೊರೆಯಿತು. ಮುಂದೆ ಮದರಾಸಿನಲ್ಲಿ ನೆಲೆಸಿ, ಗಾಯಕಿಯಾಗಿ ದೊಡ್ಡ ಹೆಸರನ್ನೂ ಸಂಪತ್ತನ್ನೂ ಗಳಿಸಿದರು.

ಅವರು ಹಾಡುಗಾರ್ತಿ ಮಾತ್ರವಲ್ಲ, ವಿದುಷಿಯೂ ಹೌದು. ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬ ಕವಯಿತ್ರಿ ರಚಿಸಿದ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’. ಹೆಂಗಸು ಶೃಂಗಾರವನ್ನು ವರ್ಣಿಸಬಹುದೇ ಎಂದು ಕೆಲವು ಪಂಡಿತರು ಅದನ್ನು ನಿಂದಿಸಿದ್ದರು. ಗಂಡಸರು ಬರೆದರೆ ಕಾವ್ಯ, ಹೆಂಗಸು ಬರೆದರೆ ದೋಷ ಎಂಬ ನ್ಯಾಯವನ್ನು ನಾಗರತ್ನಮ್ಮನವರು ಒಪ್ಪಲಿಲ್ಲ. ಮೂಲಪಾಠವನ್ನು ಸಂಪಾದಿಸಿ 1910ರಲ್ಲಿ ಪ್ರಕಟಿಸಿದರು. ಸರ್ಕಾರ ಅದನ್ನು ನಿಷೇಧಿಸಿತು. ಆ ನಿಷೇಧ ತೆರವಾದದ್ದು 1947ರಲ್ಲಿ.

1847ರಲ್ಲಿ ನಿಧನರಾದ ತ್ಯಾಗರಾಜರ ಸಮಾಧಿ ಕಾಲಕ್ರಮದಲ್ಲಿ ಜೀರ್ಣವಾಗಿತ್ತು. ಈ ಸಂಗತಿ ನಾಗರತ್ನಮ್ಮನವರ ಮನಸ್ಸನ್ನು ಬಹಳವಾಗಿ ನೋಯಿಸಿತು. ತಾವು ಗಳಿಸಿದ್ದೆಲ್ಲವೂ ಆ ಮಹಾನುಭಾವರ ಕೃತಿಗಳ ಪ್ರಸಾದವೆಂದು ಅವರು ಭಾವಿಸಿದ್ದರು. ಆದ್ದರಿಂದ ತಮ್ಮ ಸಂಪಾದನೆಯನ್ನೇ ವೆಚ್ಚಮಾಡಿ ಗುಡಿ ಕಟ್ಟಿಸಲು ಮುಂದಾದರು. 1921ರಲ್ಲಿ ಅದಕ್ಕೆ ಅಸ್ತಿಭಾರ ಬಿತ್ತು. 1925ರಲ್ಲಿ ಪ್ರತಿಷ್ಠೆ ನೆರವೇರಿತು.

ಆದರೆ ಗುಡಿ ಕಟ್ಟಿಸಿದವರಿಗೇ ಅಲ್ಲಿ ಹಾಡುವ ಹಕ್ಕಿರಲಿಲ್ಲ! ಆಗ ಎರಡು ಪಂಗಡಗಳು ಬೇರೆಬೇರೆಯಾಗಿ ಆರಾಧನೆ ನಡೆಸುತ್ತಿದ್ದವು. ಎರಡರಲ್ಲಿಯೂ ಹೆಂಗಸರಿಗೆ ಹಾಡುವ ಅವಕಾಶವಿರಲಿಲ್ಲ. ನಾಗರತ್ನಮ್ಮನವರು ಗುಡಿಯ ಬಾಗಿಲನ್ನು ಮುಚ್ಚಿಸಲಿಲ್ಲ. ಮುನಿಸಿಕೊಂಡು ಹಿಂದಿರುಗಲೂ ಇಲ್ಲ. 1927ರಲ್ಲಿ ಹೆಂಗಸರದೇ ಒಂದು ತಂಡವನ್ನು ಕೂಡಿಸಿ, ಅದೇ ಗುಡಿಯ ಹಿಂಬದಿಯಲ್ಲಿ ಆರಾಧನೆಯನ್ನು ಆರಂಭಿಸಿದರು. ಅಲ್ಲಿ ತಾವೇ ಹರಿಕಥೆ ಮಾಡಿದರು. ಅದೇ ಕಾಲದಲ್ಲಿ, ದೇವದಾಸಿ ಪದ್ಧತಿಯನ್ನು ನಿಲ್ಲಿಸುವ ವಿಚಾರ ಮದರಾಸಿನಲ್ಲಿ ಚರ್ಚೆಗೆ ಬಂದಾಗ, ಕಲೆಯನ್ನೇ ನಂಬಿದ ಆ ಹೆಂಗಸರ ಗೌರವಕ್ಕಾಗಿಯೂ ಅವರು ದನಿಯೆತ್ತಿದರು.

ವರ್ಷಗಳು ಉರುಳಿದವು. ಹಿಂಬದಿಯ ಹಾಡು ನಿಲ್ಲಲಿಲ್ಲ. 1940ರ ಸುಮಾರಿಗೆ ಪಂಗಡಗಳು ಒಂದುಗೂಡಿದವು. ಹೆಂಗಸರಿಗೂ ಸನ್ನಿಧಿಯಲ್ಲಿ ಹಾಡುವ ಅವಕಾಶ ದೊರೆಯಿತು. ನಾಗರತ್ನಮ್ಮನವರು ತಮ್ಮ ಕೊನೆಯ ದಿನಗಳನ್ನು ತಿರುವೈಯಾರಿನಲ್ಲಿಯೇ ಕಳೆದು, ತಮ್ಮ ಆಸ್ತಿಯನ್ನು ಆ ಸೇವೆಗೇ ಮೀಸಲಿಟ್ಟು, 1952ರ ಮೇ 19ರಂದು ನಿಧನರಾದರು. ತ್ಯಾಗರಾಜರ ಸಮಾಧಿಯ ಸಮೀಪದಲ್ಲಿಯೇ ಅವರ ಸಮಾಧಿಯೂ ಇದೆ.

ಹಣವಿದ್ದವರು ಗುಡಿ ಕಟ್ಟಿಸಬಲ್ಲರು. ಎಲ್ಲರೂ ಒಂದಾಗಿ ಹಾಡುವಂತೆ ಮಾಡಲು ಹಣವೊಂದೇ ಸಾಲದು. ಅದಕ್ಕೆ ಬೇಕಾದ ತಾಳ್ಮೆಯೂ ಕೆಚ್ಚೂ ನಾಗರತ್ನಮ್ಮನವರಲ್ಲಿದ್ದವು.